ಊರ ಹೆಸರು, ಅಂಗಡಿಯ ಹೆಸರು: ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಿನ್ನೆಲೆಯಲ್ಲಿ ವ್ಯಾಪಾರಮುದ್ರಾ ವೃತ್ತಿಯ ಸ್ನಾತಕೋತ್ತರ ಶಿಕ್ಷಣ

ವಿಷಯ ಪ್ರವೇಶ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳು ಘಟಪ್ರಭಾ ನದಿಯ ನೀರನ್ನು ನೆಚ್ಚಿ ಬೆಳೆದ ನಾಡು. ಇಲ್ಲಿಯ ಕರದಂಟು, ಕಟ್ಟಿಗೆಯ ಗೊಂಬೆ, ನೂಲು, ಬೆಲ್ಲ ಮತ್ತು ಮೆಣಸಿನಕಾಯಿಗಳು ತಮ್ಮ ಸೀಮೆಯ ಆಚೆಗೂ ಹೆಸರು ಪಡೆದಿವೆ. ಸರಕು ಊರು ಬಿಟ್ಟು ಹೊರಟಾಗ ಅದರೊಡನೆ ಒಂದು ಹೆಸರೂ ಹೊರಡುತ್ತದೆ. ಆ ಹೆಸರು ಯಾರಿಗೆ ಸೇರಿದ್ದು, ಅದನ್ನು ಬಳಸುವ ಹಕ್ಕು ಒಬ್ಬನಿಗೋ, ಒಂದು ಸಂಘಕ್ಕೋ ಅಥವಾ ಇಡೀ ಊರಿಗೋ ಎಂಬ ಪ್ರಶ್ನೆ ಕಾನೂನಿನ ಪ್ರಶ್ನೆಯಾಗಿದೆ. ಅದಕ್ಕೆ ಉತ್ತರ ಹೇಳಬೇಕಾದವನು ವ್ಯಾಪಾರಮುದ್ರೆಯ ವಕೀಲ. ಜನರ ಬಾಯಲ್ಲಿ ‘ಮಾರ್ಕು’, ‘ಛಾಪು’ ಎಂದೂ, ನಗರಗಳಲ್ಲಿ ‘ಟ್ರೇಡ್‌ಮಾರ್ಕ್’ ಎಂದೂ ಕರೆಯಲ್ಪಡುವ ಗುರುತನ್ನೇ ಈ ಲೇಖನದಲ್ಲಿ ವ್ಯಾಪಾರಮುದ್ರೆ ಎಂದು ಕರೆಯಲಾಗಿದೆ.

ಈ ವೃತ್ತಿಗೆ ಬರಬಯಸುವ ಕಾನೂನು ಪದವೀಧರರಿಗೆ ಇಂದು ದೊರೆಯುವ ಸ್ನಾತಕೋತ್ತರ ಶಿಕ್ಷಣದ ಸ್ವರೂಪವನ್ನು ವಿವರಿಸುವುದು, ಮೇಲಿನ ಮೂರು ತಾಲೂಕುಗಳ ಸರಕುಗಳನ್ನು ಉದಾಹರಣೆಯಾಗಿರಿಸಿಕೊಂಡು ಆ ಶಿಕ್ಷಣದಲ್ಲಿ ಇರಲೇಬೇಕಾದ ಅಂಶಗಳನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸಮೂಹಕ್ಕೆ ಸೇರಿದ ಹೆಸರನ್ನೂ ವ್ಯಕ್ತಿಗೆ ಸೇರಿದ ಹೆಸರನ್ನೂ ಬೇರ್ಪಡಿಸಿ ನೋಡುವುದೇ ಈ ವೃತ್ತಿಯ ಮೂಲ ವಿದ್ಯೆ. ಸ್ಥಳೀಯ ಭಾಷೆ ಮತ್ತು ಮಾರುಕಟ್ಟೆಗಳ ಪರಿಚಯವಿಲ್ಲದೆ ಈ ವಿದ್ಯೆ ಕೈಗೂಡದು ಎಂಬುದು ಇಲ್ಲಿಯ ಪ್ರತಿಪಾದನೆ.

ಕಾನೂನಿನ ಬೆಳವಣಿಗೆ ಮತ್ತು ವೃತ್ತಿಯ ಸ್ವರೂಪ

ಜಲಪಾತದ ಬಳಿಯ ಗೋಕಾಕ ಗಿರಣಿ 1887ರಲ್ಲಿ ನೂಲು ತೆಗೆಯಲು ಆರಂಭಿಸಿದಾಗ ಭಾರತದಲ್ಲಿ ವ್ಯಾಪಾರಮುದ್ರೆಗಳ ನೋಂದಣಿಗೆಂದೇ ರೂಪುಗೊಂಡ ಕಾನೂನು ಇರಲಿಲ್ಲ. ಸುಳ್ಳು ಗುರುತು ಹಾಕುವುದನ್ನು ತಡೆಯಲು 1889ರಲ್ಲಿ ಸರಕು ಗುರುತುಗಳ ಕಾಯ್ದೆ ಬಂದಿತು. ನೋಂದಣಿಯ ವ್ಯವಸ್ಥೆ 1940ರ ಕಾಯ್ದೆಯಿಂದ ಆರಂಭವಾಗಿ 1958ರ ಕಾಯ್ದೆಯಲ್ಲಿ ಪುನಾರಚನೆಗೊಂಡಿತು. ಈಗ ಜಾರಿಯಲ್ಲಿರುವುದು 1999ರ ಕಾಯ್ದೆ. ಅದು 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದಿತು. ಭೌಗೋಳಿಕ ಸೂಚಕಗಳ ಕಾಯ್ದೆಯೂ ಅದೇ ದಿನ ಜಾರಿಗೆ ಬಂದುದರಿಂದ ಎರಡನ್ನೂ ಜೊತೆಯಾಗಿ ಓದುವುದು ಅವಶ್ಯ. 1999ರ ವ್ಯಾಪಾರಮುದ್ರೆ ಕಾಯ್ದೆಯ ಹತ್ತನೆಯ ಅಧ್ಯಾಯವು ಇಂದಿಗೂ ಜವಳಿ ಸರಕುಗಳಿಗೆ ಮೀಸಲಾಗಿದ್ದು, ಥಾನು ಬಟ್ಟೆ ಮತ್ತು ಹತ್ತಿ ನೂಲಿನ ಮೇಲೆ ಗುರುತು ಹಾಕುವ ಬಗ್ಗೆ ನಿಬಂಧನೆಗಳನ್ನು ಒಳಗೊಂಡಿದೆ. ನೂಲಿನ ಊರಾದ ಗೋಕಾಕದ ವಿದ್ಯಾರ್ಥಿಗೆ ಈ ಅಧ್ಯಾಯ ತನ್ನೂರಿನ ಇತಿಹಾಸವೂ ಹೌದು.

ನೋಂದಣಿ ಕಚೇರಿಯ ಮುಂದೆ ಅರ್ಜಿದಾರನ ಪರವಾಗಿ ಮೂರು ಬಗೆಯ ಜನರು ವ್ಯವಹರಿಸಬಹುದೆಂದು ಕಾಯ್ದೆಯ 145ನೆಯ ಪ್ರಕರಣ ಹೇಳುತ್ತದೆ: ವಕೀಲರು, ನೋಂದಾಯಿತ ವ್ಯಾಪಾರಮುದ್ರಾ ಏಜೆಂಟರು, ಮತ್ತು ಅರ್ಜಿದಾರನ ಬಳಿಯೇ ಕಾಯಂ ಕೆಲಸದಲ್ಲಿರುವವರು. ಏಜೆಂಟನಾಗಿ ನೋಂದಾಯಿಸಿಕೊಳ್ಳಲು 2017ರ ನಿಯಮಗಳ ಪ್ರಕಾರ ಅಭ್ಯರ್ಥಿಯು 21 ವರ್ಷ ತುಂಬಿದ ಭಾರತೀಯ ಪ್ರಜೆಯಾಗಿರಬೇಕು. ಪದವೀಧರನಾಗಿದ್ದು ನಿಗದಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು, ಇಲ್ಲವೇ ವಕೀಲನಾಗಿರಬೇಕು, ಇಲ್ಲವೇ ಕಂಪನಿ ಕಾರ್ಯದರ್ಶಿಗಳ ಸಂಸ್ಥೆಯ ಸದಸ್ಯನಾಗಿರಬೇಕು. ‘ಟ್ರೇಡ್‌ಮಾರ್ಕ್ ಅಟಾರ್ನಿ’ ಎಂಬುದು ರೂಢಿಯ ಮಾತೇ ಹೊರತು ನಮ್ಮ ಕಾಯ್ದೆಯ ಪರಿಭಾಷೆಯಲ್ಲ.

ಇದರಿಂದ ಒಂದು ವಿಚಾರ ಸ್ಪಷ್ಟವಾಗುತ್ತದೆ. ವಕೀಲನಾದವನಿಗೆ ಈ ಕೆಲಸ ಮಾಡಲು ಪ್ರತ್ಯೇಕ ಪರೀಕ್ಷೆಯಾಗಲಿ, ಹಿರಿಯರ ಕೈಕೆಳಗಿನ ಅಭ್ಯಾಸವಾಗಲಿ ಕಡ್ಡಾಯವಲ್ಲ. ಅಧಿಕಾರ ಸನ್ನದಿನೊಡನೆ ಬರುತ್ತದೆ, ಆದರೆ ಸಾಮರ್ಥ್ಯವನ್ನು ಆತನೇ ಬೇರೆಡೆ ಗಳಿಸಿಕೊಳ್ಳಬೇಕು. ಬ್ರಿಟನ್ನಿನಲ್ಲಿ ಕ್ರಮ ಬೇರೆ. ಅಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಂಥ ಕಡೆ ಕಾನೂನಿನ ಸ್ನಾತಕೋತ್ತರ ಶಿಕ್ಷಣ ಪಡೆದು, ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದಲ್ಲಿ ವೃತ್ತಿಕೌಶಲದ ಶಿಕ್ಷಣ ಮುಗಿಸಿ, ನೋಂದಾಯಿತ ಅಟಾರ್ನಿಯ ಮೇಲ್ವಿಚಾರಣೆಯಲ್ಲಿ ಎರಡು ವರ್ಷ ದುಡಿದು ಪಟ್ಟಿಗೆ ಸೇರುವುದು ವಾಡಿಕೆಯ ಮಾರ್ಗವಾಗಿದೆ. ಓದು, ಕರಡು ರಚನೆ, ಮೇಲ್ವಿಚಾರಣೆಯ ದುಡಿಮೆ ಎಂಬ ಈ ಮೂರು ಮೆಟ್ಟಿಲುಗಳಲ್ಲಿ ನಮ್ಮಲ್ಲಿ ಮೊದಲನೆಯದು ಮಾತ್ರ ವ್ಯವಸ್ಥಿತವಾಗಿದೆ.

ಇಂದು ಲಭ್ಯವಿರುವ ಶಿಕ್ಷಣ

ಈ ಸೀಮೆಯ ವಿದ್ಯಾರ್ಥಿಗೆ ಹತ್ತಿರದ ಹಳೆಯ ಕಾನೂನು ವಿದ್ಯಾಲಯ ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಮಹಾವಿದ್ಯಾಲಯ. ಕರ್ನಾಟಕ ಕಾನೂನು ಸಂಸ್ಥೆ ಅದನ್ನು 1939ರಲ್ಲಿ ಆರಂಭಿಸಿತು. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯವೂ ಅದೇ ಲಖಮಗೌಡರ ಹೆಸರನ್ನು ಹೊತ್ತಿದೆ. 2009ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ರಾಜ್ಯದ ಕಾನೂನು ಶಿಕ್ಷಣಕ್ಕೆ ಉತ್ತರ ಕರ್ನಾಟಕದಲ್ಲಿಯೇ ಒಂದು ಕೇಂದ್ರ ದೊರೆಯಿತು.

ಪದವಿಯ ನಂತರದ ವಿಶೇಷ ಅಧ್ಯಯನಕ್ಕೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು ಬೌದ್ಧಿಕ ಸ್ವತ್ತಿನ ಕಾನೂನಿನಲ್ಲಿ ನಡೆಸುತ್ತ ಬಂದಿರುವ ದೂರಶಿಕ್ಷಣದ ಸ್ನಾತಕೋತ್ತರ ಡಿಪ್ಲೊಮಾ ಹೆಸರುವಾಸಿಯಾದುದು. ಖರಗಪುರದ ಐ.ಐ.ಟಿ.ಯಲ್ಲಿ 2006ರಲ್ಲಿ ಬೌದ್ಧಿಕ ಸ್ವತ್ತಿನ ಕಾನೂನಿಗಾಗಿಯೇ ಒಂದು ಶಾಲೆ ಆರಂಭವಾಯಿತು. ನಾಗಪುರದಲ್ಲಿರುವ ಕೇಂದ್ರ ಸರ್ಕಾರದ ಬೌದ್ಧಿಕ ಸ್ವತ್ತು ನಿರ್ವಹಣಾ ಸಂಸ್ಥೆಯು ತರಬೇತಿ ನೀಡುತ್ತದೆ. ಜಿನೀವಾದ ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯ ಅಕಾಡೆಮಿ ದೂರಶಿಕ್ಷಣದ ಮೂಲಕ ಪ್ರಾಥಮಿಕ ಪಾಠಗಳನ್ನು ಶುಲ್ಕವಿಲ್ಲದೆ ಕಲಿಸುತ್ತದೆ. 2016ರ ರಾಷ್ಟ್ರೀಯ ಬೌದ್ಧಿಕ ಸ್ವತ್ತು ಹಕ್ಕುಗಳ ನೀತಿಯ ಏಳು ಉದ್ದೇಶಗಳಲ್ಲಿ ಮಾನವ ಸಂಪನ್ಮೂಲದ ವಿಕಾಸವೂ ಒಂದು.

ಮೂರು ತಾಲೂಕುಗಳ ಯುವ ವಕೀಲನಿಗೆ ಈ ದಾರಿಗಳೆಲ್ಲ ತೆರೆದಿವೆ. ಆದರೂ ಅಡಚಣೆಗಳುಂಟು. ವ್ಯಾಪಾರಮುದ್ರೆಯ ಉಲ್ಲಂಘನೆಯ ದಾವೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗಿನ ನ್ಯಾಯಾಲಯದಲ್ಲಿ ಹೂಡುವಂತಿಲ್ಲವೆಂದು 134ನೆಯ ಪ್ರಕರಣ ವಿಧಿಸಿದೆ. ತಾಲೂಕು ಕೇಂದ್ರದ ಸಿವಿಲ್ ನ್ಯಾಯಾಲಯದಲ್ಲಿ ಹಿರಿಯರ ಕೈಕೆಳಗೆ ಕಲಿಯುವ ಕಿರಿಯ ವಕೀಲನ ಕಣ್ಣಿಗೆ ಇಂಥ ದಾವೆಗಳು ಬೀಳದಿರಲು ಇದೇ ಕಾರಣ. ನೋಂದಣಿ ಕಚೇರಿಯೂ ದೂರದ್ದು. ಮಹಾರಾಷ್ಟ್ರದ ಗಡಿ ಹುಕ್ಕೇರಿಗೆ ಸಮೀಪವಿದ್ದರೂ ಕರ್ನಾಟಕದ ಅರ್ಜಿದಾರರು ಒಳಪಡುವುದು ಮುಂಬಯಿ ಕಚೇರಿಗಲ್ಲ, ಚೆನ್ನೈ ಕಚೇರಿಗೆ. ಈಗ ಅರ್ಜಿಗಳನ್ನು ವಿದ್ಯುನ್ಮಾನ ಮಾರ್ಗದಲ್ಲಿ ಸಲ್ಲಿಸಬಹುದಾಗಿದೆ, ವಿಚಾರಣೆಗಳು ದೃಶ್ಯ ಸಂವಾದದ ಮೂಲಕ ನಡೆಯುತ್ತಿವೆ. ಹೀಗಾಗಿ ಗೋಕಾಕದಲ್ಲಿಯೇ ಕುಳಿತು ಚೆನ್ನೈ ಕಚೇರಿಯ ಮುಂದೆ ವಾದಿಸಬಹುದು. ದೂರದ ತೊಡಕು ಕಡಿಮೆಯಾಗಿರುವಾಗ ಉಳಿದಿರುವುದು ತರಬೇತಿಯ ಕೊರತೆ.

ಆ ಕೊರತೆಯ ಬೆಲೆ ದೊಡ್ಡದು. ಪರೀಕ್ಷಾ ವರದಿಗೆ ಅದು ತಲುಪಿದ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಪತ್ರಿಕೆಯಲ್ಲಿ ಪ್ರಕಟವಾದ ಮುದ್ರೆಯನ್ನು ಅನ್ಯರು ವಿರೋಧಿಸಲು ನಾಲ್ಕು ತಿಂಗಳು. ಅಂಥ ವಿರೋಧಕ್ಕೆ ಪ್ರತಿಹೇಳಿಕೆ ಕೊಡಲು ಅರ್ಜಿದಾರನಿಗೆ ಎರಡೇ ತಿಂಗಳು. ಅವಧಿ ಮೀರಿದರೆ ಅರ್ಜಿಯನ್ನು ತ್ಯಜಿಸಿದಂತೆ ಭಾವಿಸಲಾಗುತ್ತದೆ. 2016ರ ಮಾರ್ಚಿಯಲ್ಲಿ ವರದಿಗಳಿಗೆ ಉತ್ತರ ಬಂದಿಲ್ಲವೆಂಬ ಕಾರಣಕ್ಕೆ ಅಸಂಖ್ಯ ಅರ್ಜಿಗಳನ್ನು ನೋಂದಣಿ ಕಚೇರಿ ಒಮ್ಮೆಲೇ ತ್ಯಕ್ತವೆಂದು ಆದೇಶಿಸಿತು. ಏಪ್ರಿಲಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಬೇಕಾಯಿತು. ದೊಡ್ಡ ಕಂಪನಿಗಳು ಇಂಥ ಆದೇಶಗಳನ್ನು ಕೂಡಲೇ ಗಮನಿಸಬಲ್ಲವು. ಅರ್ಜಿ ಹಾಕಿದೊಡನೆ ಕೆಲಸ ಮುಗಿಯಿತೆಂದು ತಿಳಿದ ಸಣ್ಣ ತಯಾರಕನಿಗೆ ತನ್ನ ಹೆಸರು ಕೈತಪ್ಪಿದ್ದು ಬೇರೊಬ್ಬನ ನೋಟೀಸು ಬಂದಾಗಲೇ ತಿಳಿಯುವ ಸಂಭವವುಂಟು.

ಗೋಕಾಕ: ವಿವರಣೆಯೇ ಹೆಸರಾದಾಗ

ತರಬೇತಿಯ ಮೊದಲ ಪಾಠಕ್ಕೆ ಗೋಕಾಕದ ಕರದಂಟಿಗಿಂತ ಉತ್ತಮ ಉದಾಹರಣೆ ದೊರೆಯದು. ಕರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿಗಳನ್ನು ಬೆಲ್ಲದ ಪಾಕದಲ್ಲಿ ಕೂಡಿಸಿ ಮಾಡುವ ಈ ತಿನಿಸಿನ ಹೆಸರಿನಲ್ಲಿಯೇ ಅದರ ತಯಾರಿಕೆಯ ವಿವರಣೆಯಿದೆ. ಸರಕಿನ ಬಗೆ, ಗುಣ, ಪ್ರಮಾಣ ಅಥವಾ ಹುಟ್ಟಿದ ಸ್ಥಳವನ್ನು ಮಾತ್ರ ಸೂಚಿಸುವ ಪದಗಳನ್ನು ನೋಂದಾಯಿಸಲಾಗದೆಂದು 9ನೆಯ ಪ್ರಕರಣ ಹೇಳುತ್ತದೆ. ‘ಕರದಂಟು’ ಎಂಬುದು ಬಗೆ, ‘ಗೋಕಾಕ’ ಎಂಬುದು ಸ್ಥಳ. ಇವೆರಡನ್ನು ಕೂಡಿಸಿದ ಮಾತ್ರಕ್ಕೆ ಒಬ್ಬನ ಸ್ವತ್ತು ಹುಟ್ಟದು. ಅಮೀನಗಡದಲ್ಲಿಯೂ ಕರದಂಟು ತಯಾರಾಗುತ್ತದೆಂಬುದು ಈ ಮಾತಿಗೆ ಸಾಕ್ಷಿ. ದೀರ್ಘಕಾಲದ ಬಳಕೆಯಿಂದ ಒಂದು ಪದ ಒಬ್ಬನೇ ವ್ಯಾಪಾರಿಯನ್ನು ಸೂಚಿಸುವಂತಾದರೆ ಕಾಯ್ದೆ ವಿನಾಯಿತಿ ನೀಡುತ್ತದೆ. ಆದರೆ ಅನೇಕ ಅಂಗಡಿಗಳು ಕೂಡಿಯೇ ಬೆಳೆಸಿದ ಹೆಸರಿಗೆ ಒಬ್ಬನು ಈ ವಿನಾಯಿತಿಯನ್ನು ಕೇಳುವುದು ಕಷ್ಟ.

ಇನ್ನು ‘ಗೋಕಾಕ’ ಎಂಬ ಪದವನ್ನೇ ನೋಡಬಹುದು. ಅದು ಊರಿನ ಹೆಸರು, ಜಲಪಾತದ ಹೆಸರು, ಮನೆತನದ ಅಡ್ಡಹೆಸರು, ವಿ.ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿಯ ವರದಿಯಿಂದಾಗಿ 1980ರ ದಶಕದ ಭಾಷಾ ಚಳವಳಿಯ ಹೆಸರೂ ಆಗಿದೆ. ತನ್ನ ಸ್ವಂತ ಹೆಸರನ್ನೋ ವ್ಯವಹಾರದ ಸ್ಥಳದ ಹೆಸರನ್ನೋ ಪ್ರಾಮಾಣಿಕವಾಗಿ ಬಳಸುವವನಿಗೆ 35ನೆಯ ಪ್ರಕರಣ ರಕ್ಷಣೆ ನೀಡುತ್ತದೆ. ಆದುದರಿಂದ ಅರ್ಜಿಯ ಕರಡು ಬರೆಯುವವನು ಅಂಗಡಿಕಾರನಿಗೆ ಹೇಳಬೇಕಾದುದು ಇಷ್ಟು: ಊರಿನ ಹೆಸರು ಪೊಟ್ಟಣದ ಮೇಲಿರಲಿ, ಆದರೆ ಹಕ್ಕು ಕೇಳಬೇಕಾದುದು ಅಂಗಡಿಗೇ ವಿಶಿಷ್ಟವಾದ ಹೆಸರು ಮತ್ತು ಚಿತ್ರಕ್ಕೆ.

ಗೋಕಾಕದ ಕಟ್ಟಿಗೆಯ ಗೊಂಬೆಗಳು ವರ್ಗೀಕರಣದ ಪಾಠ ಕಲಿಸುತ್ತವೆ. ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಲಾಗಿದೆ. ಮಕ್ಕಳು ಆಡುವ ಗೊಂಬೆ 28ನೆಯ ವರ್ಗಕ್ಕೆ ಸೇರುತ್ತದೆ; ಅಲಂಕಾರಕ್ಕಾಗಿ ಇಡುವ ಕಟ್ಟಿಗೆಯ ಮೂರ್ತಿ 20ನೆಯ ವರ್ಗಕ್ಕೆ. ನಿಜವಾದ ಹಣ್ಣೆಂದೇ ಭ್ರಮೆ ಹುಟ್ಟಿಸುವ ಗೋಕಾಕದ ಬಣ್ಣದ ಹಣ್ಣು, ತರಕಾರಿಗಳು ಆಟಿಕೆಯೋ ಅಲಂಕಾರವೋ ಎಂಬುದನ್ನು ಕೊಳ್ಳುವವರ ಬಳಕೆಯಿಂದ ನಿರ್ಧರಿಸಬೇಕು. 2017ರ ನಿಯಮಗಳಂತೆ ವ್ಯಕ್ತಿ ಅಥವಾ ಸಣ್ಣ ಉದ್ಯಮವು ವಿದ್ಯುನ್ಮಾನ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ ತೆರಬೇಕು. ವರ್ಗ ತಪ್ಪಿದರೆ ಕುಶಲಕರ್ಮಿಯ ಹಣವೂ ಕಾಲವೂ ವ್ಯರ್ಥವಾಗುತ್ತವೆ.

ಮೂಡಲಗಿ: ಬೆಲ್ಲ ಮತ್ತು ಎರಡು ಭಾಷೆಗಳು

ಗೋಕಾಕ ತಾಲೂಕಿನಿಂದ ಬೇರ್ಪಟ್ಟು ಹೊಸ ತಾಲೂಕಾದ ಮೂಡಲಗಿ ಕಬ್ಬಿನ ನಾಡು. ಇಲ್ಲಿಯ ಬೆಲ್ಲಕ್ಕೆ ಗುರುತು ಬೇಕಾದಾಗ ವಕೀಲನು ಗಡಿಯಾಚೆಯ ಎರಡು ವಿಚಾರಗಳನ್ನು ಅರಿತಿರಬೇಕಾಗುತ್ತದೆ. ಮೊದಲನೆಯದು, ಕೊಲ್ಹಾಪುರದ ಬೆಲ್ಲ 2014ರಲ್ಲಿ ಭೌಗೋಳಿಕ ಸೂಚಕವಾಗಿ ನೋಂದಣಿ ಪಡೆದಿದೆ ಎಂಬುದು. ನೋಂದಾಯಿತ ಪ್ರದೇಶದ ಹೊರಗೆ ತಯಾರಾದ ಬೆಲ್ಲ ಎಷ್ಟೇ ಉತ್ತಮವಾಗಿದ್ದರೂ ಆ ಹೆಸರಿನಲ್ಲಿ ಮಾರಾಟವಾಗುವಂತಿಲ್ಲ. ಪೇಟೆಯಲ್ಲಿ ಆ ಹೆಸರಿಗೆ ಬೆಲೆ ಹೆಚ್ಚೆಂದು ಪೊಟ್ಟಣದ ಮೇಲೆ ಅದನ್ನು ಅಚ್ಚು ಹಾಕಿಸುವ ತಯಾರಕನನ್ನು ಆರಂಭದಲ್ಲಿಯೇ ತಡೆಯುವುದು ವಕೀಲನ ಕರ್ತವ್ಯ.

ಎರಡನೆಯದು ಭಾಷೆಯದು. ಒಬ್ಬ ತಯಾರಕ ತನ್ನ ಬೆಲ್ಲಕ್ಕೆ ‘ಗೂಳ’ ಎಂಬ ಹೆಸರಿಡಲು ಬಯಸಿದನೆಂದು ಭಾವಿಸೋಣ. ಕನ್ನಡದ ಕಿವಿಗೆ ಅದು ಹೊಸ ಹೆಸರಿನಂತೆ ಕೇಳಿಸಬಹುದು. ಮರಾಠಿಯಲ್ಲಿ ಅದರ ಅರ್ಥವೇ ಬೆಲ್ಲ. ಎರಡು ಭಾಷೆಗಳು ಬೆರೆತ ಮಾರುಕಟ್ಟೆಯಲ್ಲಿ ಅದು ಬರಿಯ ವಿವರಣೆಯಾಗಿ 9ನೆಯ ಪ್ರಕರಣದ ಅಡ್ಡಿಗೆ ಸಿಲುಕುತ್ತದೆ. ಹಿಂದಿ, ಇಂಗ್ಲಿಷುಗಳಲ್ಲದ ಲಿಪಿಯ ಪದಗಳಿದ್ದರೆ ಅವುಗಳ ನಿಖರವಾದ ಲಿಪ್ಯಂತರವನ್ನೂ ಅನುವಾದವನ್ನೂ ಅರ್ಜಿಯಲ್ಲಿ ಕೊಡಬೇಕೆಂದು 2017ರ ನಿಯಮಗಳು ವಿಧಿಸುತ್ತವೆ. ಇಲ್ಲಿ ಕನ್ನಡದ ವಿದ್ಯಾರ್ಥಿಗೆ ವಿಶೇಷ ಹೊಣೆಯಿದೆ. ‘ಬೆಲೆ’ ಮತ್ತು ‘ಬೆಳೆ’ ಎಂಬ ಬೇರೆ ಬೇರೆ ಪದಗಳು ಸಾಮಾನ್ಯ ರೋಮನ್ ಬರವಣಿಗೆಯಲ್ಲಿ ಒಂದೇ ಆಗುತ್ತವೆ. ‘ಕರದಂಟು’ ಎಂಬ ಒಂದೇ ಪದ ನಾಲ್ಕು ಬಗೆಯ ಕಾಗುಣಿತಗಳಲ್ಲಿ ಕಾಣಿಸಿಕೊಳ್ಳಬಹುದು. ಮುದ್ರೆಗಳ ಹುಡುಕಾಟ ನಡೆಸುವವನು ಇವೆಲ್ಲ ರೂಪಗಳನ್ನೂ ಊಹಿಸಿ ಹುಡುಕದಿದ್ದರೆ ಮೊದಲೇ ನೋಂದಣಿಯಾದ ಮುದ್ರೆ ಕಣ್ಣಿಗೆ ಬೀಳದೆ ಉಳಿಯುತ್ತದೆ.

ಹುಕ್ಕೇರಿ: ಗಡಿ ದಾಟಿದ ಹೆಸರು

ಹುಕ್ಕೇರಿ ತಾಲೂಕಿನ ಸಂಕೇಶ್ವರವು ತನ್ನ ಹೆಸರನ್ನು ಒಂದು ಮೆಣಸಿನಕಾಯಿಗೆ ಕೊಟ್ಟಿದೆ. ಮಹಾರಾಷ್ಟ್ರದ ಮಸಾಲೆ ಪೇಟೆಗಳಲ್ಲಿ ‘ಸಂಕೇಶ್ವರಿ’ ಎಂದು ಪ್ರಸಿದ್ಧವಾದ ಈ ಕಾಯಿಯನ್ನು ಗಡಿಯಾಚೆಯ ಗಡಹಿಂಗ್ಲಜ ಭಾಗದಲ್ಲಿಯೂ ಬೆಳೆಯುತ್ತಾರೆ. ಊರು ಕರ್ನಾಟಕದ್ದು, ಹೆಸರಿನ ರೂಪ ಮರಾಠಿಯದು, ಬೆಳೆ ಎರಡೂ ರಾಜ್ಯಗಳದು. ಇಂಥ ಹೆಸರನ್ನು ಒಬ್ಬ ವ್ಯಾಪಾರಿ ತನ್ನ ಪುಡಿಯ ಪೊಟ್ಟಣಕ್ಕೆ ಮೀಸಲು ಮಾಡಿಕೊಳ್ಳಹೊರಟರೆ ಬೆಳೆಗಾರರೆಲ್ಲರ ಪಾಲಿಗೆ ಅದು ನಷ್ಟ. ಸಮೂಹದ ಹೆಸರನ್ನು ಕಾಪಾಡಲು ಕಾನೂನಿನಲ್ಲಿ ಮೂರು ಸಾಧನಗಳಿವೆ. ಇವುಗಳ ಅಂತರವನ್ನು ಅರಿಯುವುದು ಸ್ನಾತಕೋತ್ತರ ಹಂತದ ಮುಖ್ಯ ಪಾಠ.

ಸಾಮೂಹಿಕ ಮುದ್ರೆಯ ಒಡೆತನ ಒಂದು ಸಂಘದ್ದು. ಸದಸ್ಯರು ಅದನ್ನು ಬಳಸುತ್ತಾರೆ. ಪ್ರಮಾಣೀಕರಣ ಮುದ್ರೆಯ ಒಡೆಯನು ಗುಣಮಟ್ಟವನ್ನು ದೃಢೀಕರಿಸುತ್ತಾನೆಯೇ ಹೊರತು ಅದೇ ಸರಕಿನ ವ್ಯಾಪಾರ ಮಾಡುವಂತಿಲ್ಲ. ಭೌಗೋಳಿಕ ಸೂಚಕವು ಒಂದು ಪ್ರದೇಶದ ಉತ್ಪಾದಕರಿಗೆ ಸೇರಿದ್ದು. ಅದನ್ನು ಮಾರಲಾಗಲಿ ಪರಭಾರೆ ಮಾಡಲಾಗಲಿ ಬಾರದು. ಗುಣವಾಗಲಿ ಕೀರ್ತಿಯಾಗಲಿ ಆ ಪ್ರದೇಶಕ್ಕೆ ಸಂಬಂಧಪಟ್ಟದ್ದೆಂದು ಸಾಧಿಸಿ ತೋರಿಸಬೇಕು. ಬ್ಯಾಡಗಿ ಮೆಣಸಿನಕಾಯಿ 2011ರಲ್ಲಿ ಈ ಮಾನ್ಯತೆ ಪಡೆಯಿತು. ಗಡಿಯ ತೊಡಕಿಗೆ ಪೂರ್ವನಿದರ್ಶನವೂ ಉಂಟು: ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಸೂಚಕಕ್ಕೆ ಕರ್ನಾಟಕ ಮತ್ತು ಮಹಾರಾಷ್ಟ್ರಗಳ ಚರ್ಮ ಕೈಗಾರಿಕಾ ನಿಗಮಗಳು ಕೂಡಿ ಮುಂದಾದವು. ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳು ಅದರ ವ್ಯಾಪ್ತಿಯಲ್ಲಿವೆ. ಸಂಕೇಶ್ವರದ ಮೆಣಸಿನಕಾಯಿಯ ವಿಚಾರ ಕಲಿಯುವವನು ಈ ಕಡತವನ್ನು ಓದಬೇಕು.

ಸಹಕಾರದ ಪರಂಪರೆ ಹುಕ್ಕೇರಿಗೆ ಹೊಸದಲ್ಲ. 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ವಿದ್ಯುತ್ತಿನಂಥ ಸೇವೆಯನ್ನೂ ಸಹಕಾರದಿಂದ ನಡೆಸಬಹುದೆಂದು ತೋರಿಸಿದೆ. ಹೆಸರಿನ ಒಡೆತನವನ್ನೂ ಸಂಘದ ಮೂಲಕ ಹೊರುವ ಅನುಭವ ಇಲ್ಲಿಯ ಜನರಿಗಿದೆ. ಸಂಘದ ನಿಯಮಾವಳಿಯನ್ನು ಅದಕ್ಕೆ ತಕ್ಕಂತೆ ಬರೆದುಕೊಡಬಲ್ಲ ವಕೀಲನು ಬೇಕು.

ತೀರ್ಪುಗಳನ್ನು ಓದುವ ಕ್ರಮ

ಎರಡು ಮುದ್ರೆಗಳು ಸದೃಶವೇ ಎಂಬ ಪ್ರಶ್ನೆಯಲ್ಲಿ ನ್ಯಾಯಾಲಯಗಳು ಅನುಸರಿಸಿದ ಅಳತೆಗೋಲುಗಳನ್ನು ಕಲಿಸಲು ಮೂರು ತೀರ್ಪುಗಳು ಸಾಕು. ‘ಅಮೃತಧಾರಾ’ ಮತ್ತು ‘ಲಕ್ಷ್ಮಣಧಾರಾ’ ಎಂಬ ಔಷಧಿಗಳ ಹೆಸರುಗಳನ್ನು ಕುರಿತು 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಾಮಾನ್ಯ ಬುದ್ಧಿಯ, ಅರೆನೆನಪಿನ ಗ್ರಾಹಕ ಹೆಸರನ್ನು ಬಿಡಿಸಿ ಅರ್ಥ ಹುಡುಕುವುದಿಲ್ಲ, ಒಟ್ಟು ಧ್ವನಿಗೆ ಮನಗೊಡುತ್ತಾನೆ ಎಂಬ ದೃಷ್ಟಿಯನ್ನು ತಳೆಯಿತು. ಪಾರ್ಲೆ ಕಂಪನಿಗೂ ಮೈಸೂರಿನ ಬಿಸ್ಕತ್ತು ತಯಾರಕರಿಗೂ ನಡೆದ ವ್ಯಾಜ್ಯದಲ್ಲಿ 1972ರ ತೀರ್ಪು ಪೊಟ್ಟಣಗಳನ್ನು ಅಕ್ಕಪಕ್ಕದಲ್ಲಿಟ್ಟು ವ್ಯತ್ಯಾಸ ಎಣಿಸಬಾರದು, ಮುಖ್ಯ ಲಕ್ಷಣಗಳ ಒಟ್ಟು ಪರಿಣಾಮವನ್ನು ನೋಡಬೇಕು ಎಂದಿತು. ಹಸು, ಹುಡುಗಿಯರ ಚಿತ್ರವಿದ್ದ ಆ ಹೊದಿಕೆಗಳ ಪಾಠ ಇಂದಿನ ಕರದಂಟಿನ ಪೆಟ್ಟಿಗೆಗೂ ಅನ್ವಯಿಸುತ್ತದೆ. ಹಾಲು ಮಹಾಮಂಡಳಿಯ ‘ನಂದಿನಿ’ ಮತ್ತು ಬೆಂಗಳೂರಿನ ಹೋಟೆಲಿನ ‘ನಂದಿನಿ’ ಹೆಸರುಗಳ ವಿಚಾರದಲ್ಲಿ 2018ರಲ್ಲಿ ಅದೇ ನ್ಯಾಯಾಲಯ, ಪುರಾಣದಿಂದ ಬಂದ ಸಾಮಾನ್ಯ ಹೆಸರಿನ ಮೇಲೆ ಒಂದು ವರ್ಗದ ಎಲ್ಲ ಸರಕುಗಳಿಗೂ ಏಕಸ್ವಾಮ್ಯ ಸಲ್ಲದೆಂದು ತಿಳಿಸಿ, ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಹೊರತುಪಡಿಸಿ ಹೋಟೆಲಿಗೆ ನೋಂದಣಿಯನ್ನು ಒಪ್ಪಿತು. ದೇವರ ಹೆಸರನ್ನೋ ಮನೆತನದ ಹೆಸರನ್ನೋ ಅಂಗಡಿಗೆ ಇಡುವ ನಮ್ಮ ಕಡೆಯ ರೂಢಿಗೆ ಈ ತೀರ್ಪು ನೇರವಾಗಿ ಸಂಬಂಧಿಸಿದೆ.

ಹಳೆಯ ಪಠ್ಯಪುಸ್ತಕಗಳನ್ನು ಓದುವಾಗ ಎಚ್ಚರವೂ ಬೇಕು. ಬೌದ್ಧಿಕ ಸ್ವತ್ತಿನ ಮೇಲ್ಮನವಿ ಮಂಡಳಿಯು 2021ರಲ್ಲಿ ರದ್ದಾಗಿ ಅದರ ಅಧಿಕಾರ ಉಚ್ಚ ನ್ಯಾಯಾಲಯಗಳಿಗೆ ಮರಳಿದೆ. ಅದಕ್ಕೂ ಮೊದಲಿನ ಪುಸ್ತಕಗಳು ತೋರಿಸುವ ಮೇಲ್ಮನವಿಯ ದಾರಿ ಈಗ ಇಲ್ಲ.

ಸಮಾರೋಪ

ಮೇಲಿನ ವಿವೇಚನೆಯಿಂದ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾಕ್ಕೆ ಬೇಕಾದ ರೂಪರೇಷೆ ದೊರೆಯುತ್ತದೆ. ಮೊದಲ ಭಾಗದಲ್ಲಿ ಎರಡು ಕಾಯ್ದೆಗಳು ಮತ್ತು 2017ರ ನಿಯಮಗಳ ವ್ಯಾಸಂಗ. ಎರಡನೆಯ ಭಾಗದಲ್ಲಿ ಹುಡುಕಾಟದ ವರದಿ, ಬಳಕೆಯ ಪ್ರಮಾಣಪತ್ರ, ಪರೀಕ್ಷಾ ವರದಿಗೆ ಉತ್ತರ, ಪ್ರತಿಹೇಳಿಕೆ ಇವುಗಳ ಕರಡು ರಚನೆ. ಮೂರನೆಯ ಭಾಗದಲ್ಲಿ ಮಾರುಕಟ್ಟೆಯ ಕ್ಷೇತ್ರಕಾರ್ಯ: ವಿದ್ಯಾರ್ಥಿಯು ಒಂದು ಸಂತೆಯನ್ನೋ ಪೇಟೆಯನ್ನೋ ಆರಿಸಿಕೊಂಡು ಅಲ್ಲಿಯ ಹೆಸರುಗಳನ್ನು ಸಂಗ್ರಹಿಸಿ, ಪ್ರತಿಯೊಂದೂ ವ್ಯಕ್ತಿಯದೋ, ಸಂಘದ್ದೋ, ಊರಿನದೋ ಎಂದು ಸಕಾರಣವಾಗಿ ನಿರ್ಣಯಿಸಬೇಕು. ಕೊನೆಯ ಭಾಗದಲ್ಲಿ ಅನುಭವಿ ವಕೀಲರ ಕೈಕೆಳಗೆ ನಿಜವಾದ ಕಡತಗಳ ಮೇಲೆ ದುಡಿಮೆ. ಅಲ್ಲದೆ ಕಕ್ಷಿದಾರನಿಗೆ ಬರೆಯುವ ಸಲಹಾಪತ್ರವನ್ನು ಕನ್ನಡದಲ್ಲಿ ಬರೆಯುವ ಅಭ್ಯಾಸ ಕಡ್ಡಾಯವಾಗಬೇಕು. ಅರ್ಜಿಯ ಭಾಷೆ ಇಂಗ್ಲಿಷಾಗಿರಬಹುದು. ಆದರೆ ಗಡುವು ಯಾವುದು, ಮೀರಿದರೆ ಏನಾಗುತ್ತದೆ ಎಂಬುದು ಗೊಂಬೆ ಮಾಡುವವನಿಗೆ ಅವನ ಭಾಷೆಯಲ್ಲಿ ತಿಳಿಯಬೇಕು.

ಊರ ಹೆಸರನ್ನು ಒಬ್ಬನು ತನ್ನದಾಗಿಸಿಕೊಂಡರೆ ಉಳಿದವರ ಬದುಕಿಗೆ ಪೆಟ್ಟು ಬೀಳುತ್ತದೆ. ಒಬ್ಬನು ದುಡಿದು ಗಳಿಸಿದ ಹೆಸರನ್ನು ಎಲ್ಲರೂ ಬಳಸತೊಡಗಿದರೆ ಅವನ ದುಡಿಮೆಗೆ ಅರ್ಥವಿಲ್ಲದಂತಾಗುತ್ತದೆ. ಇವೆರಡು ಅನ್ಯಾಯಗಳನ್ನೂ ತಡೆಯಬಲ್ಲ ವಕೀಲರು ಬೆಂಗಳೂರು, ಚೆನ್ನ್ನೈಗಳಂತೆಯೇ ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿಯೂ ಸಿದ್ಧರಾಗಬೇಕು. ಅದಕ್ಕೆ ಬೇಕಾದ ಪಠ್ಯಸಾಮಗ್ರಿ ಈ ಊರುಗಳ ಪೇಟೆಗಳಲ್ಲಿಯೇ ಇದೆ. ಅದನ್ನು ಪಾಠಕ್ರಮದೊಳಗೆ ತರುವ ಕೆಲಸವನ್ನು ನಮ್ಮ ಕಾನೂನು ವಿದ್ಯಾಲಯಗಳು ಕೈಗೆತ್ತಿಕೊಳ್ಳುವುದು ಅಗತ್ಯ.